ಹೆಚ್ಚು ಬಂದ ಸಂಬಳ: ವಸೂಲಿಗೆ ಮುನ್ನ ಲೆಕ್ಕ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಲೆಕ್ಕ ತಪ್ಪಿ ಸಂಬಳ ಹೆಚ್ಚು ಬಂದರೆ ನೌಕರ ಅದನ್ನು ವಾಪಸ್ ಕೊಡಬೇಕೇ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಎರಡೇ ಉತ್ತರ. ‘ತಪ್ಪು ಆಫೀಸಿನದು, ಕೊಡಬೇಕಾಗಿಲ್ಲ’ ಎನ್ನುವವರು ಕೆಲವರು. ‘ನಿನ್ನದಲ್ಲದ ದುಡ್ಡು, ಪೂರ್ತಿ ಕಟ್ಟು’ ಎನ್ನುವವರು ಇನ್ನು ಕೆಲವರು. ಎರಡೂ ಅರ್ಧ ಸತ್ಯ. ನೌಕರ ಯಾರು, ತಪ್ಪು ಎಷ್ಟು ಹಳೆಯದು, ಅದು ಅವನಿಗೆ ಗೊತ್ತಿತ್ತೇ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಕಾರ್ಖಾನೆ, ಅಂಗಡಿ, ಖಾಸಗಿ ಕಂಪನಿಗಳ ನೌಕರರು ಸಾಮಾನ್ಯವಾಗಿ ಕೊಡಲೇಬೇಕು. ತಪ್ಪಿನಿಂದ ಸಂದಾಯವಾದ ಹಣವನ್ನು ಪಡೆದವರು ಹಿಂದಿರುಗಿಸಬೇಕೆಂದು 1872ರ ಕರಾರು ಕಾಯ್ದೆಯ 72ನೇ ಕಲಂ ಹೇಳುತ್ತದೆ. ಹೆಚ್ಚು ಕೊಟ್ಟದ್ದನ್ನು ಮುಂದಿನ ಸಂಬಳದಲ್ಲಿ ಹಿಡಿದುಕೊಳ್ಳಲು 1936ರ ವೇತನ ಪಾವತಿ ಕಾಯ್ದೆಯಲ್ಲೂ ಅವಕಾಶವಿತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ಆದರೆ ಒಂದೇ ತಿಂಗಳಲ್ಲಿ ಪೂರ್ತಿ ಹಿಡಿಯುವಂತಿಲ್ಲ. ಎಲ್ಲ ಕಡಿತಗಳೂ ಸೇರಿ ಆ ತಿಂಗಳ ವೇತನದ ಅರ್ಧವನ್ನು ಮೀರಬಾರದು. ತಿಂಗಳಿಗೆ 24,000 ರೂಪಾಯಿ ವೇತನದವರಿಗೆ ಓವರ್‌ಟೈಮ್ ಎರಡು ಸಲ ಎಂಟ್ರಿಯಾಗಿ 18,000 ಹೆಚ್ಚು ಬಂತು ಎಂದುಕೊಳ್ಳಿ. ಅರ್ಧವೆಂದರೆ 12,000. ಅದರಲ್ಲಿ ಪಿಎಫ್ 1,800, ಸೊಸೈಟಿ ಸಾಲದ ಕಂತು 4,000 ಆಗಲೇ ಹೋಗುತ್ತಿದ್ದರೆ ಉಳಿಯುವುದು 6,200. ಅಂದರೆ 18,000 ವಸೂಲಿಗೆ ಕಡಿಮೆಯೆಂದರೂ ಮೂರು ತಿಂಗಳು ಬೇಕು. ಒಂದೇ ಸಲ ಹಿಡಿದು, ಕೈಗೆ ಇನ್ನೂರು ರೂಪಾಯಿ ಕೊಟ್ಟು ಕಳಿಸಿದರೆ ಅದು ಕಾನೂನು ಮೀರಿದ ಕಡಿತ.

ಇಲ್ಲೇ ತೆರಿಗೆಯ ತೊಡಕೂ ಬರುತ್ತದೆ. ಹೆಚ್ಚು ಬಂದ ಮೊತ್ತದ ಮೇಲೆ ಟಿಡಿಎಸ್ (ಸಂಬಳ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಮುರಿದಿರುತ್ತಾರೆ; ಕೈಗೆ ಬಂದದ್ದು ಕಡಿಮೆ, ವಾಪಸ್ ಕೇಳುವುದು ಮಾತ್ರ ಪೂರ್ತಿ. ಅದೇ ಹಣಕಾಸು ವರ್ಷ, ಅಂದರೆ ಮಾರ್ಚ್ 31ರೊಳಗೆ ಸರಿಪಡಿಸಿದರೆ ಉಳಿದ ತಿಂಗಳುಗಳ ಟಿಡಿಎಸ್‌ನಲ್ಲಿ ಹೊಂದಿಸಬಹುದು. ವರ್ಷ ದಾಟಿದರೆ ಗೋಜಲು ಹೆಚ್ಚು. ತಪ್ಪು ಕಣ್ಣಿಗೆ ಬಿದ್ದ ಕೂಡಲೇ ನೌಕರರೇ ಬರವಣಿಗೆಯಲ್ಲಿ ತಿಳಿಸುವುದು ಇದಕ್ಕೂ ಒಳ್ಳೆಯದು. ಕೆಲಸ ಬಿಡುವಾಗ ಅಂತಿಮ ಲೆಕ್ಕದಲ್ಲಿ ಕಂಪನಿಗಳು ಗ್ರಾಚ್ಯುಟಿಗೂ ಕೈಹಾಕುವುದುಂಟು. ಕಾಯ್ದೆಯಡಿ ಬರುವ ಗ್ರಾಚ್ಯುಟಿಯನ್ನು ಲೆಕ್ಕದ ಗುಮಾಸ್ತರ ತಪ್ಪಿಗಾಗಿ ಹಿಡಿಯುವಂತಿಲ್ಲ, ಪಿಎಫ್ ಹಣವನ್ನೂ ಮುಟ್ಟುವಂತಿಲ್ಲ.

ಸರ್ಕಾರಿ ನೌಕರರ ವಿಷಯವೇ ಬೇರೆ. ಇಲ್ಲಿನ ತಪ್ಪು ಒಂದು ತಿಂಗಳದ್ದಲ್ಲ, ವರ್ಷಗಳದ್ದು. ಸೇವೆಯ ಲೆಕ್ಕಕ್ಕೆ ಸೇರದ ವೇತನರಹಿತ ರಜೆಯನ್ನು ಕಳೆಯದೆ ವಾರ್ಷಿಕ ವೇತನ ಬಡ್ತಿ (ಇನ್‌ಕ್ರಿಮೆಂಟ್) ಕೊಟ್ಟಿರುತ್ತಾರೆ. 10 ವರ್ಷ ಸೇವೆ ಮುಗಿದಾಗ ಸಿಗುವ ಕಾಲಬದ್ಧ ಬಡ್ತಿಯ ದಿನಾಂಕವನ್ನು ಮುಂಚೆ ಹಾಕಿರುತ್ತಾರೆ. ನೌಕರಿಯ ವಿವರ ದಾಖಲಿಸುವ ಸೇವಾ ಪುಸ್ತಕದಲ್ಲಿ 750 ರೂಪಾಯಿಯ ಒಂದು ವೇತನ ಬಡ್ತಿ ಹೀಗೆ ತಪ್ಪಾಗಿ ಕೂತರೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಎಲ್ಲವೂ ಅದರ ಮೇಲೆ ಬೆಳೆಯುತ್ತವೆ. ರಾಜ್ಯದ 7ನೇ ವೇತನ ಆಯೋಗದ ಪರಿಷ್ಕರಣೆಯಲ್ಲಿ ಮೂಲ ವೇತನಕ್ಕೆ ಶೇ 31 ತುಟ್ಟಿಭತ್ಯೆ, ಶೇ 27.5 ಫಿಟ್‌ಮೆಂಟ್ (ಪರಿಷ್ಕರಣೆಯ ಏರಿಕೆ) ಸೇರಿದಾಗ ಆ 750 ಹೆಚ್ಚುಕಡಿಮೆ 1,189 ಆಯಿತು. ಪಿಂಚಣಿ ಕಡತ ಮಹಾಲೇಖಪಾಲರ ಕಚೇರಿಗೆ ಹೋದಾಗ ಯಾರೋ ಪುಟ ತಿರುವಿ ಆಕ್ಷೇಪಣೆ ಬರೆಯುತ್ತಾರೆ. ಅಷ್ಟರಲ್ಲಿ ಬಾಕಿ ಲಕ್ಷ ದಾಟಿರುತ್ತದೆ. ಆ ನಮೂದು ಬರೆದವರು, ಸಹಿ ಹಾಕಿದವರು ನಿವೃತ್ತರಾಗಿ ಎಷ್ಟೋ ಕಾಲವಾಗಿರುತ್ತದೆ.

ಇಂಥವರಿಗಾಗಿಯೇ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 18ರಂದು ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಗೆರೆ ಎಳೆಯಿತು. ‘ಸಿ’ ಮತ್ತು ‘ಡಿ’ ಗುಂಪಿನ, ಅಂದರೆ ಗುಮಾಸ್ತ, ಜವಾನರಂಥ ನೌಕರರಿಂದ ವಸೂಲಿ ಸಲ್ಲದು. ನಿವೃತ್ತರಿಂದ, ವಸೂಲಿ ಆದೇಶದಿಂದ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಸಲ್ಲದು. ಆದೇಶಕ್ಕೆ ಮುಂಚಿನ ಐದು ವರ್ಷಕ್ಕೂ ಮೀರಿ ಹೆಚ್ಚು ಪಾವತಿ ನಡೆದಿದ್ದರೆ ಸಲ್ಲದು. ಮೇಲಿನ ಹುದ್ದೆಯ ಕೆಲಸ ಮಾಡಿಸಿ ಅದರ ಸಂಬಳ ಕೊಟ್ಟಿದ್ದರೂ ಸಲ್ಲದು. ಇವಲ್ಲದೆ, ವಸೂಲಿ ತೀರಾ ಕಠೋರ, ಅನ್ಯಾಯ ಎನಿಸುವ ಬೇರೆ ಪ್ರಕರಣಗಳಿಗೂ ನ್ಯಾಯಾಲಯ ಬಾಗಿಲು ತೆರೆದಿಟ್ಟಿದೆ.

ಮೂಡುಬಿದಿರೆ ಸೀಮೆಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರಿದ್ದ ಪೀಠ 2022ರ ಮೇ 2ರಂದು ಕೇರಳದ ಶಿಕ್ಷಕ ಥಾಮಸ್ ಡೇನಿಯಲ್ ಅವರ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. ಅಲ್ಲೂ ಮೂಲ ತಪ್ಪು ವೇತನರಹಿತ ರಜೆಯ ಲೆಕ್ಕದ್ದೇ. ಆ ತೀರ್ಪಿನ ಇನ್ನೊಂದು ಮಾತನ್ನೂ ನೌಕರರು ಓದಬೇಕು. ಈ ರಕ್ಷಣೆ ಹಕ್ಕಲ್ಲ, ಕಷ್ಟಕ್ಕೆ ನ್ಯಾಯಾಲಯ ತೋರುವ ವಿವೇಚನೆ. ಹೆಚ್ಚು ಬರುತ್ತಿದೆ ಎಂದು ಗೊತ್ತಿದ್ದೂ ಸುಮ್ಮನಿದ್ದವರಿಗೆ, ಸುಳ್ಳು ಮಾಹಿತಿ ಕೊಟ್ಟು ಪಡೆದವರಿಗೆ ಇದು ಸಿಗದು. ತಪ್ಪು ಬೇಗ ಪತ್ತೆಯಾದರೂ ವಸೂಲಿಗೆ ನ್ಯಾಯಾಲಯ ಒಪ್ಪಬಹುದು.

ಇಲಾಖೆಗಳು ಹಿಡಿಯುವ ಅಸ್ತ್ರ ಮುಚ್ಚಳಿಕೆ. ಹೊಸ ವೇತನ ಶ್ರೇಣಿ ಆಯ್ಕೆ ಮಾಡುವಾಗ ‘ಹೆಚ್ಚು ಪಾವತಿಯಾದರೆ ಹಿಂದಿರುಗಿಸುತ್ತೇನೆ’ ಎಂಬ ಮುದ್ರಿತ ಹಾಳೆಗೆ ಸಹಿ ಮಾಡಿಸಿಕೊಳ್ಳುತ್ತಾರೆ. 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ ಅಂಥ ಮುಚ್ಚಳಿಕೆ ಇದ್ದ ಕಾರಣ ವಸೂಲಿಗೆ ಸುಪ್ರೀಂ ಕೋರ್ಟ್ ಒಪ್ಪಿತು ನಿಜ. ಎರಡು ವರ್ಷದ ಕಂತುಗಳಲ್ಲಿ ಪಡೆಯಲು ಹೇಳಿತು ಎಂಬುದೂ ನಿಜ. ಅದು ನ್ಯಾಯಾಂಗ ಅಧಿಕಾರಿಯೊಬ್ಬರ ಪ್ರಕರಣ. ಎಲ್ಲರೊಡನೆ ಸಾಲಿನಲ್ಲಿ ನಿಂತು ಸಹಿ ಹಾಕಿದ ಜವಾನನ ಮೇಲೂ ಅದನ್ನೇ ಹೇರುವುದು ನನ್ನ ದೃಷ್ಟಿಯಲ್ಲಿ ತಪ್ಪು.

ನೋಟಿಸ್ ಬಂದವರು ಭಯಪಟ್ಟು ಒಪ್ಪಿಗೆ ಬರೆದುಕೊಡಬಾರದು. ಮೊದಲು ಲಿಖಿತವಾಗಿ ಕೇಳಬೇಕಾದದ್ದು: ಆಡಿಟ್ ಆಕ್ಷೇಪಣೆಯ ಪ್ರತಿ, ಸೇವಾ ಪುಸ್ತಕದ ಸಂಬಂಧಪಟ್ಟ ಪುಟ, ತಾವು ಸಹಿ ಮಾಡಿದ್ದೆನ್ನಲಾದ ಮುಚ್ಚಳಿಕೆಯ ಪ್ರತಿ, ಮತ್ತು ಬರಬೇಕಾದದ್ದೆಷ್ಟು, ಪಡೆದದ್ದೆಷ್ಟು ಎಂಬ ತಿಂಗಳುವಾರು ತಖ್ತೆ. ತಖ್ತೆ ಬಂದಾಗ ಮೊತ್ತವೇ ತಪ್ಪಿರುವುದೂ ಉಂಟು. ನೋಟಿಸನ್ನೇ ಕೊಡದೆ ನೇರ ಸಂಬಳದಲ್ಲಿ ಹಿಡಿದಿದ್ದರೆ ಆ ಒಂದು ಕಾರಣಕ್ಕೇ ಆದೇಶ ನಿಲ್ಲುವುದು ಕಷ್ಟ. ಇಲಾಖೆ ಜಗ್ಗದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಸಾಮಾನ್ಯ ಗಡುವು ಒಂದು ವರ್ಷ. ವಸೂಲಿ ರದ್ದಾದರೂ ವೇತನ ನಿಗದಿಯ ತಪ್ಪನ್ನು ಸರಿಪಡಿಸುವ ಅಧಿಕಾರ ಇಲಾಖೆಗೆ ಉಳಿಯುತ್ತದೆ. ಮುಂದಿನ ಸಂಬಳ, ಪಿಂಚಣಿ ಇಳಿಯಬಹುದು. ಮನೆ ಸಾಲದ ಕಂತು ಲೆಕ್ಕ ಹಾಕುವವರು ಇದನ್ನು ಮರೆಯಬಾರದು.

ಆರ್ಥಿಕ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ. ಸೇವಾ ಪುಸ್ತಕದ ಪರಿಶೀಲನೆಯನ್ನು ನಿವೃತ್ತಿಯವರೆಗೆ ಎಳೆಯಬೇಡಿ. 10 ವರ್ಷದ ಕಾಲಬದ್ಧ ಬಡ್ತಿ ಕೊಡುವಾಗ ಒಮ್ಮೆ, 15ನೇ ವರ್ಷದ ಬಡ್ತಿಗೆ ಇನ್ನೊಮ್ಮೆ ರಜೆ ಲೆಕ್ಕದ ಸಮೇತ ಪುಟಪುಟ ನೋಡಿ, ನೌಕರರ ಸಹಿ ಪಡೆದು, ಅವರಿಗೂ ಒಂದು ಪ್ರತಿ ಕೊಡುವಂತೆ ವೇತನ ಬಟವಾಡೆ ಅಧಿಕಾರಿಗಳಿಗೆ ಸುತ್ತೋಲೆ ಹೊರಡಿಸಿ.

– ಓದುಗ, ದಾವಣಗೆರೆ