ಇಷ್ಟವೂ ಇರಲಿ, ಸಿಟ್ಟೂ ಇರಲಿ

ಪ್ರೀತಿಯ ತಂಗಿ,

ಶಾರ್ಲೆಟ್ ಬ್ರಾಂಟೆ ಬರೆದ ಇಂಗ್ಲಿಷ್ ಕಾದಂಬರಿ ‘ಜೇನ್ ಏರ್’ ಕೆಳಗಿಡಲು ಮನಸ್ಸೇ ಬರಲಿಲ್ಲ, ಆಮೇಲೆ ಅಷ್ಟು ಇಷ್ಟಪಟ್ಟಿದ್ದಕ್ಕೇ ನಾಚಿಕೆಯಾಯಿತು ಎಂದು ಬರೆದಿದ್ದೀಯ. ನಾಚಿಕೆ ಯಾಕೆ? ದಿಕ್ಕಿಲ್ಲದ ಹುಡುಗಿಯೊಬ್ಬಳು ಯಜಮಾನನ ಎದುರು ನಿಂತು ನಾನೂ ನಿಮಗೆ ಸಮ ಅನ್ನುವಾಗ ಯಾರಿಗಾದರೂ ಎದೆ ತುಂಬಿ ಬರುತ್ತದೆ. ಆ ಖುಷಿಯನ್ನು ಬಿಟ್ಟುಕೊಡಬೇಡ.

ನಿನ್ನನ್ನು ಚುಚ್ಚಿದ್ದೂ ಸುಳ್ಳಲ್ಲ. ಅದೇ ಮನೆಯ ಮೇಲಿನ ಕೋಣೆಯಲ್ಲಿ ಬರ್ತಾಳನ್ನು ಕೂಡಿಹಾಕಿದ್ದಾರೆ. ಆ ಯಜಮಾನ ಜಮೈಕಾ ದ್ವೀಪದಿಂದ ಕರೆತಂದ ಹೆಂಡತಿ ಅವಳು. ಹುಚ್ಚಿ ಎಂದು ಗಂಡ ಹೇಳುತ್ತಾನೆ, ನಾವು ನಂಬುತ್ತೇವೆ. ಅವಳ ಕಥೆ ಅವಳ ಬಾಯಿಂದ ನಮಗೆ ಸಿಗುವುದೇ ಇಲ್ಲ. ಒಬ್ಬ ಹೆಣ್ಣಿನ ಮಾನಕ್ಕಾಗಿ ಅಷ್ಟು ಮಿಡಿದ ಶಾರ್ಲೆಟ್ ಬ್ರಾಂಟೆ ಇನ್ನೊಬ್ಬಳನ್ನು ಪ್ರಾಣಿಯ ಹಾಗೆ ಬರೆದರು.

‘ಆ ಕಾಲವೇ ಹಾಗಿತ್ತು ಬಿಡು’ ಅನ್ನುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಈ ಕಾದಂಬರಿ ಬಂದದ್ದು 1847ರಲ್ಲಿ. ಅಮೆರಿಕದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಾಸ್ 1845ರಲ್ಲೇ ತಮ್ಮ ಬದುಕಿನ ಕಥೆಯನ್ನು ತಾವೇ ಬರೆದು ಪ್ರಕಟಿಸಿದ್ದರು. ಒಂದು ಕಾಲದಲ್ಲಿ ಎಲ್ಲರೂ ಒಂದೇ ಥರ ಯೋಚಿಸುವುದಿಲ್ಲ, ಅಲ್ವಾ?

ಜಮೈಕಾದ ಹಾಗೇ ಕೆರಿಬಿಯನ್ ಪ್ರದೇಶದ ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಲೇಖಕಿ ಜೀನ್ ರೀಸ್ ಏನು ಮಾಡಿದರು ನೋಡು. ಆ ಕೋಣೆಯ ಹೆಂಗಸಿಗೆ ಅಂತ್ವಾನೆತ್ ಎಂಬ ಹೆಸರು ಕೊಟ್ಟರು, ಬಾಲ್ಯ ಕೊಟ್ಟರು, ಸ್ವಂತ ಮಾತು ಕೊಟ್ಟರು. 1966ರಲ್ಲಿ ಅದು ‘ವೈಡ್ ಸರ್ಗಾಸೊ ಸೀ’ ಕಾದಂಬರಿಯಾಗಿ ಬಂತು. ಅದರಲ್ಲಿ ಒಂದು ದೊಡ್ಡ ಭಾಗವನ್ನು ಗಂಡನೇ ಹೇಳುತ್ತಾನೆ. ಅವನನ್ನು ಸುಮ್ನೆ ರಾಕ್ಷಸನನ್ನಾಗಿ ಮಾಡಿ ಮುಗಿಸಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನನಗೆ ಆ ಪುಸ್ತಕದ ಮೇಲೆ ಗೌರವ ಜಾಸ್ತಿಯಾಗುವುದು ಅಲ್ಲೇ.

ಹಾಗಾಗಿ ಹಳೆಯ ಕಥೆಗಳನ್ನು ಮೊದಲ ಸಲ ಮನಸ್ಸು ಬಿಚ್ಚಿ ಓದು. ಎರಡನೇ ಸಲ ಪೆನ್ಸಿಲ್ ಹಿಡಿದುಕೋ. ಎಲ್ಲಿ ಮುಜುಗರವಾಗುತ್ತದೋ ಅಲ್ಲಿ ಗೆರೆ ಎಳೆ. ಆ ತಪ್ಪು ಪಾತ್ರದ್ದೋ, ಕಥೆಗಾರರದ್ದೋ ನೋಡು. ಎರಡೂ ಬೇರೆ ಬೇರೆ. ಯಾರಿಗೆ ಮಾತೇ ಸಿಕ್ಕಿಲ್ಲ ಎಂದು ಹುಡುಕು. ಓದಲಾಗದಷ್ಟು ನೋವಾದರೆ ಮುಚ್ಚಿಡು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ಮಾತು. ನೀನು ಬರೆದು ಕಳಿಸಿದ ಕಥೆ ನಡೆಯುವುದು ನೂರು ವರ್ಷ ಹಿಂದೆ. ಆದರೆ ನಾಯಕಿ ಪೂರ್ತಿ ನಿನ್ನ ಹಾಗೇ ಯೋಚಿಸುತ್ತಾಳೆ. ಅವಳಿಗೂ ಅವಳ ಕಾಲದ ಕುರುಡು ಸ್ವಲ್ಪ ಇರಲಿ. ಅವಳು ಮನೆಗೆಲಸದವಳ ಜೊತೆ ಮಾತಾಡುವ ಪುಟವನ್ನು ಮತ್ತೆ ಬರೆದು ಕಳಿಸು. ಈ ಸಲ ಆ ಕೆಲಸದವಳು ಉತ್ತರ ಕೊಡಲಿ.

ಪ್ರೀತಿಯಿಂದ,
ನಿನ್ನ ಅಕ್ಕ