ಫೋಟೊದ ಹಿಂದೆ ‘ಅತ್ತೆ’ ಎಂದಷ್ಟೇ ಬರೆದರೆ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ನಮ್ಮ ಸೋದರತ್ತೆ ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಿಧನವಾರ್ತೆಯ ಜೊತೆಗೆ ಕಳುಹಿಸಲು ಅವರದೊಂದು ಭಾವಚಿತ್ರ ಹುಡುಕುವಾಗ, ಆರು ವರ್ಷಗಳಿಂದ ನಾನು ಅವರ ಮುಂದೆ ಎಷ್ಟೋ ಸಲ ಇಟ್ಟುಕೊಂಡು ಕುಳಿತಿದ್ದ 1958ರ ಗುಂಪುಚಿತ್ರ ಮತ್ತೆ ಕೈಗೆ ಬಂತು. ನಮ್ಮ ಅಪ್ಪಯ್ಯನ ಮದುವೆಯಾಗಿ, ವಧೂಪ್ರವೇಶ ಮುಗಿದ ಮೇಲೆ ಮನೆಯಂಗಳದ ಚಪ್ಪರದಲ್ಲಿ ತೆಗೆಸಿದ ಆ ಫೋಟೊದಲ್ಲಿ 38 ಜನರಿದ್ದಾರೆ. ಅವರಲ್ಲಿ 31 ಮಂದಿಯ ಹೆಸರನ್ನು ಈಗ ನಾನು ಹೇಳಬಲ್ಲೆ. 22 ಹೆಸರುಗಳು ಅತ್ತೆಯ ಬಾಯಿಂದಲೇ ಬಂದವು. ಉಳಿದ ಏಳು ಮುಖಗಳನ್ನು ಇನ್ನು ಯಾರಿಗೆ ತೋರಿಸಲಿ ಎಂದು ಯೋಚಿಸುತ್ತಿದ್ದವಳಿಗೆ, ಇಂಥವೇ ಫೋಟೊಗಳನ್ನು ಟ್ರಂಕಿನಲ್ಲೋ ಅಟ್ಟದಲ್ಲೋ ಇಟ್ಟುಕೊಂಡಿರುವ ಓದುಗರೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಆ ಅಂಗಳ ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿಯ ನೀರು ಏರಿದಾಗ ನಮ್ಮ ಮನೆ, ತೋಟ, ದೇವಸ್ಥಾನ ಎಲ್ಲವೂ ಮುಳುಗಿದವು. ಅದಕ್ಕೂ ಮೊದಲು, 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟೆಯೇ ಈ ಹೊಸ ನೀರಿನ ಅಡಿಗೆ ಹೋಯಿತೆಂದರೆ ಊರುಗಳ ಮಾತೇನು? ಒಂದೇ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಆ 38 ಜನರ ಪೈಕಿ ನಮ್ಮ ಮನೆಯವರು ಸಾಗರದ ಹತ್ತಿರಕ್ಕೆ ಬಂದರು, ಚಿಕ್ಕಜ್ಜನ ಮನೆಯವರು ಶಿವಮೊಗ್ಗದ ಕಡೆಗೆ ಹೋದರು, ಅತ್ತೆಯ ಮನೆ ಹಿನ್ನೀರಿನ ಆಚೆ ಕರೂರು ಹೋಬಳಿಯಲ್ಲಿ ಉಳಿಯಿತು. ಸೇತುವೆ ಆಗುವುದಕ್ಕೆ ಮೊದಲು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ, ಫೋಟೊವನ್ನು ಎರಡು ರಟ್ಟುಗಳ ನಡುವೆ ಇಟ್ಟು ಸೀರೆಯಲ್ಲಿ ಸುತ್ತಿಕೊಂಡು ನಾನು ಅವರ ಮನೆಗೆ ಹೋಗುತ್ತಿದ್ದೆ. ಮುಳುಗಡೆಯಾದ ಕುಟುಂಬಗಳಿಗೆ ಹಳೆಯ ಫೋಟೊ ಎಂದರೆ ಬರೀ ಮನುಷ್ಯರ ನೆನಪಲ್ಲ. ಹಿಂದೆ ಕಾಣುವ ಜಗಲಿಯ ಕಂಬ, ತುಳಸಿಕಟ್ಟೆಗಳಿಗೂ ಬೇರೆ ಸಾಕ್ಷಿ ಉಳಿದಿಲ್ಲ.

ಈ ಫೋಟೊಕ್ಕೆ ಮೊದಲಿದ್ದ ಕಟ್ಟಿನ ಹಿಂಬದಿಯ ರಟ್ಟಿನಲ್ಲಿ ಅಜ್ಜ ತಮ್ಮ ಕೈಯಾರೆ ಎಲ್ಲರ ಹೆಸರನ್ನೂ ಸಾಲುಸಾಲಾಗಿ ಬರೆದಿದ್ದರಂತೆ. ಸುಮಾರು 30 ವರ್ಷದ ಹಿಂದೆ ಗಾಜು ಒಡೆದಾಗ ಹೊಸ ಕಟ್ಟು ಹಾಕಿಸಲು ಅಂಗಡಿಯೊಂದಕ್ಕೆ ಕೊಟ್ಟೆವು. ಅವರು ಗೆದ್ದಲು ಹಿಡಿದ ಹಳೆಯ ರಟ್ಟನ್ನು ತೆಗೆದೆಸೆದು, ಹೊಸ ರಟ್ಟು ಹಾಕಿ, ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಕೊಡುವ ಮೊದಲು ಹಿಂದೆ ತಿರುಗಿಸಿ ನೋಡದ ತಪ್ಪು ನಮ್ಮದು. ಅಪ್ಪಯ್ಯ, ಅಮ್ಮ ಇಬ್ಬರೂ ಆಗ ಇದ್ದರು. ಕೇಳಿ ಬರೆದುಕೊಂಡಿದ್ದರೆ ಒಂದು ಸಂಜೆಯ ಕೆಲಸ. ಅವರಿಬ್ಬರೂ ಹೋದ ಮೇಲೆ ನನಗೆ ಅದರ ಅರಿವಾಯಿತು.

ಹೆಸರು ಬರೆದಿಟ್ಟ ಫೋಟೊಗಳೂ ನಮ್ಮಲ್ಲಿ ಇಲ್ಲದಿಲ್ಲ. ಆದರೆ ಹೇಗೆ ಬರೆದಿದ್ದಾರೆ? ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ತೆಗೆಸಿದ ಒಂದು ಫೋಟೊದ ಹಿಂದೆ ‘ಅತ್ತೆ, ಚಿಕ್ಕಮ್ಮ, ಭಾವ’ ಎಂದಷ್ಟೇ ಇದೆ. ನಮ್ಮ ಭಾಷೆಯಲ್ಲಿ ಅಪ್ಪನ ಅಕ್ಕತಂಗಿಯರು ಅತ್ತೆ, ಸೋದರಮಾವನ ಹೆಂಡತಿ ಅತ್ತೆ, ಗಂಡನ ತಾಯಿಯೂ ಅತ್ತೆ, ಹೆಂಡತಿಯ ತಾಯಿಯೂ ಅತ್ತೆ. ಭಾವನೆಂದರೆ ಅಕ್ಕನ ಗಂಡನಾಗಬಹುದು, ಗಂಡನ ಅಣ್ಣನಾಗಬಹುದು, ಅತ್ತೆಯ ಮಗನೋ ಮಾವನ ಮಗನೋ ಆಗಬಹುದು. ಸೋದರಮಾವನಿಗೇ ಹೆಣ್ಣು ಕೊಡುತ್ತಿದ್ದ ಮನೆಗಳಲ್ಲಂತೂ ಒಬ್ಬರಿಗೇ ಎರಡೆರಡು ಸಂಬಂಧ. ಬರೆದವರು ಯಾರೆಂದು ಗೊತ್ತಿಲ್ಲದಿದ್ದರೆ ಆ ‘ಅತ್ತೆ’ ಯಾರ ಅತ್ತೆ ಎಂದು ತಿಳಿಯುವುದಾದರೂ ಹೇಗೆ? ಕೊನೆಗೆ ಅಡಿಕೆ ಲೆಕ್ಕದ ಹಳೆಯ ಪುಸ್ತಕವೊಂದರ ಅಕ್ಷರಕ್ಕೆ ಹೋಲಿಸಿ ನೋಡಿ, ಬರೆದವರು ನಮ್ಮ ಚಿಕ್ಕಪ್ಪ ಎಂದು ಗೊತ್ತಾದ ಮೇಲಷ್ಟೇ ಮೂವರನ್ನೂ ಗುರುತಿಸಲು ಸಾಧ್ಯವಾಯಿತು. ಇಷ್ಟು ತುಂಬು ಸಂಬಂಧವಾಚಕಗಳಿರುವ ಭಾಷೆ ನಮ್ಮದು ಎಂಬ ಹೆಮ್ಮೆ ನನಗೂ ಇದೆ. ಆದರೆ ಆ ಮಾತುಗಳು ಕರೆಯುವವರು ಇರುವವರೆಗೆ ಮಾತ್ರ ಗುರುತು ಹೇಳುತ್ತವೆ.

ಬರೀ ಹೆಸರೂ ಸಾಲದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ನಮ್ಮ ವಂಶದಲ್ಲಿ ಒಂದೇ ಹೆಸರಿನವರು ನಾಲ್ವರಿದ್ದಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ತೊಡಕು ಇನ್ನೂ ದೊಡ್ಡದು. ಮದುವೆಯಲ್ಲಿ ಸೊಸೆಯ ಹೆಸರನ್ನೇ ಬದಲಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ತವರಿನ ಫೋಟೊದಲ್ಲಿ ಒಂದು ಹೆಸರಿನ ಹುಡುಗಿ, ಗಂಡನ ಮನೆಯ ಫೋಟೊದಲ್ಲಿ ಇನ್ನೊಂದು ಹೆಸರಿನ ಸೊಸೆ, ಮುಂದೆ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ ಊರಿನ ಹೆಸರು ಸೇರಿಸಿದ ಯಾವುದೋ ಒಬ್ಬ ದೊಡ್ಡಮ್ಮ. ನಾನು ಗುರುತಿಸಲಾಗದೆ ಉಳಿದ ಏಳು ಮಂದಿಯಲ್ಲಿ ಐವರು ಹೆಂಗಸರು. ಆದ್ದರಿಂದ ಬರೆಯುವಾಗ ವ್ಯಕ್ತಿಯ ಹೆಸರು, ತಂದೆ ತಾಯಿಯ ಹೆಸರು, ಹೆಂಗಸರಾದರೆ ತವರಿನ ಹೆಸರು ಮತ್ತು ಊರು, ಅವರು ನಮಗೆ ಏನಾಗಬೇಕು, ಗುರುತು ಹೇಳಿದವರು ಯಾರು, ಹೇಳಿದ ದಿನಾಂಕ ಇಷ್ಟೂ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಮುಖ ಗುರುತಿಸುವ ಕೆಲಸವನ್ನು ನಾನು ಕಲಿತದ್ದು ಅತ್ತೆಯಿಂದ. ಮೊದಮೊದಲು ನಾನು ಒಡವೆ ನೋಡಿ ಊಹಿಸುತ್ತಿದ್ದೆ. ಮೂರು ಬೇರೆ ಬೇರೆ ಫೋಟೊಗಳಲ್ಲಿ ಒಂದೇ ಅಡ್ಡಿಗೆ ಕಂಡು, ಮೂರರಲ್ಲಿಯೂ ಇರುವವರು ಒಬ್ಬರೇ ಎಂದು ಹೇಳಿದಾಗ ಅವರು ತಲೆಯಾಡಿಸಿದರು. “ಒಡವೆ ನೋಡಿ ಹೆಸರು ಹೇಳಬೇಡ ಕೂಸೇ, ಆ ಅಡ್ಡಿಗೆ ಇದ್ದದ್ದು ನಮ್ಮಮ್ಮಂದು ಒಂದೇ. ಫೋಟೊಕ್ಕೆ ಕೂರುವಾಗ ಯಾರ ಸರದಿಯೋ ಅವರ ಕೊರಳಿಗೆ” ಎಂದರು. ಮುಖ ಬಿಟ್ಟು ಕೈ ನೋಡು, ಕಿವಿ ನೋಡು, ನಿಲ್ಲುವ ಭಂಗಿ ನೋಡು ಎಂಬುದು ಅವರ ಪಾಠವಾಗಿತ್ತು. ವಯಸ್ಸಾದಂತೆ ಮುಖ ತುಂಬುತ್ತದೆ, ಕೆನ್ನೆ ಇಳಿಯುತ್ತದೆ. ಕಿವಿಯ ಆಕಾರ ಅಷ್ಟು ಬದಲಾಗುವುದಿಲ್ಲ.

ಆ ಗುಂಪುಚಿತ್ರದ ಬಲತುದಿಯಲ್ಲಿ, ಕುರ್ಚಿಗಳ ಸಾಲಿನಿಂದ ಬಹಳ ಹಿಂದೆ, ಜಗಲಿಯ ಬಾಗಿಲ ಚೌಕಟ್ಟಿಗೆ ಒತ್ತಿಕೊಂಡಂತೆ ಒಂದು ಕಪ್ಪು ಆಕೃತಿ ಇದೆ. ನಾವೆಲ್ಲ ಅದನ್ನು ಕಂಬದ ನೆರಳು ಎಂದೇ ತಿಳಿದಿದ್ದೆವು. ಅತ್ತೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಪ್ಪುಬಿಳುಪಿನ ಫೋಟೊದಲ್ಲಿ ಕೆಂಪು ಸೀರೆ ಹೀಗೆ ಕಡುಗಪ್ಪಾಗಿ ಕಾಣುತ್ತದೆ. ತಲೆಯ ಮೇಲೆ ಹೊದ್ದ ಸೆರಗು, ಚೌಕಟ್ಟನ್ನು ಹಿಡಿದ ನಾಲ್ಕು ಬೆರಳು, ಇಷ್ಟೇ ಕಾಣುವುದು. ಅವರು ಅಜ್ಜನ ತಂಗಿ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ತವರಿನಲ್ಲಿಯೇ ಜೀವ ಸವೆಸಿದವರು. ಶುಭಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಫೋಟೊಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ಆ ದಿನ ಬಂದವರಿಗೆಲ್ಲ ಹೋಳಿಗೆ ಬೇಯಿಸಿದವರು ಅವರೇ ಎಂದು ಹೇಳುವಾಗ ಅತ್ತೆಯ ಗಂಟಲು ಕಟ್ಟಿತು. ಅವರ ಹೆಸರನ್ನು ನಾನು ಹುಟ್ಟಿದಂದಿನಿಂದ ಒಮ್ಮೆಯೂ ಕೇಳಿರಲಿಲ್ಲ. 31ನೆಯದಾಗಿ ಬರೆದದ್ದು ಆ ಹೆಸರು. ಅಜ್ಜನ ಪಟ್ಟಿಯಲ್ಲಿ ಅದು ಇದ್ದಿತೋ ಇಲ್ಲವೋ, ಇದ್ದಿರಲಾರದು ಎಂದೇ ನನ್ನ ಮನಸ್ಸು ಹೇಳುತ್ತದೆ.

ಫೋಟೊವೇ ಹೇಳುವ ಸಂಗತಿಗಳೂ ಕೆಲವಿವೆ. ಹಿಂಬದಿಯ ಸ್ಟುಡಿಯೊ ಮೊಹರಿನಲ್ಲಿ ಪಿನ್‌ಕೋಡ್ ಇದ್ದರೆ ಆ ಮೊಹರು 1972ರ ಆಗಸ್ಟ್ 15ರ ನಂತರದ್ದು, ಏಕೆಂದರೆ ಆ ಸಂಖ್ಯೆ ಜಾರಿಗೆ ಬಂದದ್ದು ಅಂದು. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚೆ ಮಾಡಿಸಿದ ಮೊಹರು ಎನ್ನಬಹುದು. ಹಳೆಯ ಮೊಹರನ್ನೇ ಕೆಲವು ಕಾಲ ಬಳಸಿರಬಹುದು ಎಂಬ ಎಚ್ಚರವೂ ಬೇಕು. ಮದುವೆಯೊಂದರ ಫೋಟೊದಲ್ಲಿ ಗಂಡಸರೆಲ್ಲರ ಜನಿವಾರ ಬಲಹೆಗಲ ಮೇಲೆ ಕಂಡು ನಾನು ಗಾಬರಿಯಾಗಿದ್ದೆ, ಏಕೆಂದರೆ ಹಾಗೆ ಹಾಕಿಕೊಳ್ಳುವುದು ಪಿತೃಕಾರ್ಯದಲ್ಲಿ. ನೆಗೆಟಿವ್ ತಿರುವಿಟ್ಟು ಅಚ್ಚು ಹಾಕಿದ್ದರಿಂದ ಇಡೀ ಚಿತ್ರವೇ ಎಡಬಲವಾಗಿತ್ತು. ಅದನ್ನು ತಿಳಿಯದೆ ‘ಎಡದಿಂದ ಮೂರನೆಯವರು’ ಎಂದು ಹಳೆಯ ಕಾಗದದಲ್ಲಿದ್ದ ವಿವರವನ್ನು ನಂಬಿ ನಾವು ಇಬ್ಬರು ಅಣ್ಣತಮ್ಮಂದಿರನ್ನು ಅದಲುಬದಲು ಮಾಡಿಕೊಂಡಿದ್ದೆವು.

ಹಿರಿಯರನ್ನು ಕೇಳುವ ಕ್ರಮದ ಬಗ್ಗೆಯೂ ಹೇಳಬೇಕು. ‘ಇವರು ದೊಡ್ಡಪ್ಪ ಅಲ್ಲವೇ’ ಎಂದು ಕೇಳಿದರೆ ಹೆಚ್ಚಿನವರು ನಮ್ಮ ಮಾತು ಮುರಿಯಬಾರದೆಂದು ಹೌದು ಎಂದುಬಿಡುತ್ತಾರೆ. ‘ಇವರು ಯಾರು’ ಎಂದಷ್ಟೇ ಕೇಳಿ ಸುಮ್ಮನಿರಬೇಕು. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿದರೆ ದನಿ ಜೋರಾಗಿರುವವರ ಮಾತೇ ನಿಲ್ಲುತ್ತದೆ. ಬೇರೆ ಬೇರೆಯಾಗಿ ಕೇಳಿ, ಭಿನ್ನಾಭಿಪ್ರಾಯ ಬಂದರೆ ಎರಡನ್ನೂ ಬರೆದಿಡುವುದು ಒಳ್ಳೆಯದು. ಫೋಟೊದ ಮೇಲೆ ತೆಳುವಾದ ಟ್ರೇಸಿಂಗ್ ಕಾಗದವಿಟ್ಟು, ಕೈ ಒತ್ತದೆ ತಲೆಗಳ ಅಂಚನ್ನು ಮಾತ್ರ ಗುರುತು ಮಾಡಿ, ಕಾಗದವನ್ನು ತೆಗೆದ ಮೇಲೆ ಪ್ರತಿ ತಲೆಗೂ ಒಂದೊಂದು ಸಂಖ್ಯೆ ಕೊಟ್ಟರೆ ಸಾಲುಗಳ ಗೊಂದಲವಿರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಹಿಂದಿನ ಸಾಲಿನ ಮುಖಗಳು ಕಲಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಸ್ಪಷ್ಟತೆ ಉಳಿಯುತ್ತದೆ. ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಹೀಗೆ ಬಂದ ಚಿತ್ರವನ್ನು ಟಿ.ವಿ. ಪರದೆಯಲ್ಲಿ ದೊಡ್ಡದು ಮಾಡಿ ತನ್ನ ತಾಯಿಗೆ ತೋರಿಸಿ ಎರಡು ಹೆಸರು ಹೇಳಿಸಿದಳು. ಆದರೂ, ಸಾಧ್ಯವಿದ್ದವರು ಫೋಟೊವನ್ನೇ ಹಿಡಿದು ಹೋಗಿ ಪಕ್ಕದಲ್ಲಿ ಕುಳಿತು ಕೇಳುವುದು ಮೇಲು. ಅತ್ತೆಗೆ ಹೆಸರುಗಳು ಹೊಳೆಯುತ್ತಿದ್ದದ್ದು ಕೇಳಿದ ಕೂಡಲೇ ಅಲ್ಲ, ಊಟವಾಗಿ ಕವಳ ಹಾಕುವ ಹೊತ್ತಿಗೆ.

ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ದಯವಿಟ್ಟು ಬರೆಯಬೇಡಿ. ಒತ್ತಿದ ಗೆರೆ ಮುಂದಕ್ಕೆ ಮೂಡುತ್ತದೆ, ಶಾಯಿ ಇನ್ನೊಂದು ಫೋಟೊಕ್ಕೆ ಅಂಟುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಅಂಟುಹಾಳೆಯ ಆಲ್ಬಮ್‌ಗಳಿಂದ ಬಲವಂತವಾಗಿ ಕೀಳುವುದೂ ಬೇಡ, ಅಲ್ಲಿದ್ದಂತೆಯೇ ಮೊದಲು ಚಿತ್ರ ತೆಗೆದುಕೊಳ್ಳಿ.

ತಮ್ಮಲ್ಲಿ ನನ್ನದೊಂದು ವಿನಂತಿ. ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ, ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗದ ಹಳೆಯ ಗುಂಪುಚಿತ್ರವೊಂದನ್ನು ಪ್ರಕಟಿಸಿ ಓದುಗರಿಂದ ಹೆಸರುಗಳನ್ನು ಕೇಳಲು ಸಾಧ್ಯವೇ? ಮುಳುಗಡೆಯಿಂದ ಚದುರಿದ ಕುಟುಂಬಗಳಲ್ಲಿ ಒಂದು ಫೋಟೊದ ಹೆಸರುಗಳು ನಾಲ್ಕು ಊರುಗಳ ನಾಲ್ಕು ಮುದುಕಿಯರ ನೆನಪಿನಲ್ಲಿ ಹಂಚಿಹೋಗಿವೆ. ಅವರೆಲ್ಲರ ಮನೆಗೂ ಹೋಗುವುದು ಪತ್ರಿಕೆಯೊಂದೇ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳೂ ತಿಂಗಳಿಗೊಂದು ಮಧ್ಯಾಹ್ನ ಊರಿನ ಹಿರಿಯರನ್ನು ಕರೆದು, ಅವರು ತರುವ ಫೋಟೊಗಳಿಗೆ ಹೆಸರು ಬರೆದುಕೊಡುವ ಕೆಲಸ ಮಾಡಬಹುದು. ಇದಕ್ಕೆ ಪೆನ್ಸಿಲ್ಲು, ಕಾಗದ ಮತ್ತು ಕೇಳುವ ತಾಳ್ಮೆಯಿರುವ ಒಬ್ಬರಿದ್ದರೆ ಸಾಕು.

ಆ ಅಂಕಣ ಆರಂಭವಾದರೆ ನನ್ನ ಫೋಟೊವನ್ನು ಮೊದಲಿಗೇ ಕಳುಹಿಸುತ್ತೇನೆ. ಅದರಲ್ಲಿ ಜಮಖಾನದ ಮೇಲೆ ಕುಳಿತ ಮಕ್ಕಳ ಸಾಲಿನಲ್ಲಿ ಎಡದಿಂದ ನಾಲ್ಕನೆಯವನು ಏಳೆಂಟು ವರ್ಷದ ಹುಡುಗ. ಅಂಗಿಯ ಗುಂಡಿಗಳನ್ನು ಒಂದೊಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದಾನೆ, ಬಲಗೈಯಲ್ಲಿ ಬುಗುರಿ ಹಿಡಿದಿದ್ದಾನೆ. ಅವನು ನೆಂಟನಲ್ಲ, ಆಗ ಭಾರಂಗಿ ಹೋಬಳಿಯ ಕಡೆಯಿಂದ ಬಂದು ನಮ್ಮಲ್ಲಿ ಉಳಿದು ಶಾಲೆಗೆ ಹೋಗುತ್ತಿದ್ದ ಹುಡುಗನಿರಬೇಕು ಎಂಬುದೊಂದೇ ಅತ್ತೆಗೆ ನೆನಪಿತ್ತು. ಈಗ ಅವರಿಗೆ 75 ದಾಟಿರಬೇಕು. ಅವರಾಗಲಿ, ಅವರ ಮನೆಯವರಾಗಲಿ ಇದನ್ನು ಓದಿದರೆ ಪತ್ರಿಕೆಯ ಕಚೇರಿಯ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಸಾಗರ