'ಬ್ಲೋ ಔಟ್' ಚಿತ್ರದ ಆ ಇಬ್ಬರನ್ನು ಮರೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರದ ಸಿನಿಮಾ ಪುರವಣಿಯಲ್ಲಿ ಹಳೆಯ ಥ್ರಿಲ್ಲರ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಅದರಲ್ಲಿ 1981ರ 'ಬ್ಲೋ ಔಟ್' ಚಿತ್ರಕ್ಕೆ ಸಿಕ್ಕಿದ್ದು ಎರಡೇ ಸಾಲು. ಹಳೆಯ ಚಿತ್ರವೊಂದರ ನಕಲು, ಕ್ಯಾಮೆರಾ ಕೆಲಸ ಚೆನ್ನಾಗಿದೆ, ಆದರೆ ನಾಯಕ ನಾಯಕಿ ಮನಸ್ಸಿಗೆ ಹಿಡಿಸುವುದಿಲ್ಲ ಅಂತ. ಓದಿ ತುಂಬ ಬೇಜಾರಾಯಿತು. ಈ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಕೊನೆಗೆ ಗಂಟಲು ಕಟ್ಟುತ್ತದೆ. ಅದು ಜಾನ್ ಟ್ರವೋಲ್ಟಾ ಮತ್ತು ನ್ಯಾನ್ಸಿ ಆಲನ್ ಇಬ್ಬರ ಕೆಲಸ.

ನೋಡದವರಿಗಾಗಿ ಕಥೆ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜ್ಯಾಕ್ ಟೆರಿ (ಟ್ರವೋಲ್ಟಾ) ಅಂತ ಒಬ್ಬ ಸೌಂಡ್ ರೆಕಾರ್ಡಿಸ್ಟ್. ಕಡಿಮೆ ಖರ್ಚಿನ ಹಾರರ್ ಚಿತ್ರಗಳಿಗೆ ಶಬ್ದ ಕೂಡಿಸುವುದು ಅವನ ಕೆಲಸ. ಒಂದು ರಾತ್ರಿ ಗಾಳಿಯ ಸದ್ದು ಹಿಡಿಯಲು ಸೇತುವೆ ಮೇಲೆ ನಿಂತಿರುತ್ತಾನೆ. ಒಂದು ಕಾರು ಬರುತ್ತದೆ, ಟೈರ್ ಸಿಡಿಯುತ್ತದೆ, ಕಾರು ನೀರಿಗೆ ಬೀಳುತ್ತದೆ. ಜ್ಯಾಕ್ ಹಾರಿ ಒಳಗಿದ್ದ ಸ್ಯಾಲಿ (ಆಲನ್) ಅನ್ನುವವಳನ್ನು ಉಳಿಸುತ್ತಾನೆ. ಅವಳ ಜೊತೆ ಕಾರಿನಲ್ಲಿದ್ದು ಸತ್ತವನು ರಾಜ್ಯಪಾಲ, ಮುಂದೆ ಅಧ್ಯಕ್ಷನಾಗಬಹುದಾಗಿದ್ದವನು. ಆಮೇಲೆ ಟೇಪ್ ಕೇಳಿದರೆ ಟೈರ್ ಸಿಡಿಯುವ ಮೊದಲೇ ಇನ್ನೊಂದು ಸದ್ದು ಇದೆ. ಗುಂಡಿನ ಸದ್ದು.

ಆ ಸೇತುವೆಯ ದೃಶ್ಯದಲ್ಲಿ ಟ್ರವೋಲ್ಟಾ ಅವರನ್ನೇ ಗಮನಿಸಿ. ಮಾತೇ ಇಲ್ಲ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಉದ್ದನೆಯ ಮೈಕ್. ಕಪ್ಪೆ ವಟಗುಟ್ಟಿದರೆ ಮೈಕ್ ಅತ್ತ ತಿರುಗುತ್ತದೆ. ದೂರದಲ್ಲಿ ಒಂದು ಜೋಡಿ ಪಿಸುಗುಟ್ಟಿದರೆ ಇತ್ತ. ಗೂಬೆ ಕೂಗಿದರೆ ಮತ್ತೆ ಆ ಕಡೆ. ಮುಖದಲ್ಲಿ ಒಂದು ನೆಮ್ಮದಿ. ತನ್ನ ಕೆಲಸವನ್ನು ಪ್ರೀತಿಸುವವನೊಬ್ಬ ಒಬ್ಬನೇ ಇದ್ದಾಗ ಹೇಗಿರುತ್ತಾನೋ ಹಾಗೆ. ಬರೀ ಕೇಳಿಸಿಕೊಳ್ಳುವ ಮುಖದಿಂದ ನಮ್ಮನ್ನು ಹಿಡಿದು ಕೂರಿಸುವುದು ಸುಲಭ ಅಲ್ಲ ಅಲ್ವಾ? ಆಗ ಜನರಿಗೆ ಟ್ರವೋಲ್ಟಾ ಅಂದರೆ ಡ್ಯಾನ್ಸ್ ಹೀರೋ. ಆ ಹೆಸರು, ಆ ಸ್ಟೈಲು ಎಲ್ಲ ಬದಿಗಿಟ್ಟು ಇಲ್ಲಿ ಸುಮ್ನೆ ನಿಂತಿದ್ದಾರೆ.

ಇನ್ನೊಂದು ದೃಶ್ಯ. ಜ್ಯಾಕ್ ಸ್ಟುಡಿಯೋಗೆ ಬಂದು ನೋಡಿದರೆ ಅವನ ಟೇಪುಗಳನ್ನೆಲ್ಲ ಯಾರೋ ಅಳಿಸಿಬಿಟ್ಟಿದ್ದಾರೆ. ಒಂದಾದ ಮೇಲೊಂದು ಹಾಕಿ ನೋಡುತ್ತಾನೆ. ಯಾವುದರಲ್ಲೂ ಏನೂ ಉಳಿದಿಲ್ಲ. ಕ್ಯಾಮೆರಾ ಕೋಣೆಯಲ್ಲಿ ಸುತ್ತುತ್ತಲೇ ಇರುತ್ತದೆ. ಈ ದೃಶ್ಯ ಬಂದಾಗಲೆಲ್ಲ ಎಲ್ಲರೂ ಹೊಗಳುವುದು ಛಾಯಾಗ್ರಾಹಕ ವಿಲ್ಮೋಸ್ ಜಿಗ್ಮಂಡ್ ಅವರನ್ನು. ಹೊಗಳಲಿ, ಅವರು ದೊಡ್ಡವರೇ. ಆದರೆ ಪ್ರತಿ ಸುತ್ತಿಗೂ ಕ್ಯಾಮೆರಾಗೆ ಸಿಗುವ ಮನುಷ್ಯ ಮೊದಲಿಗಿಂತ ಜಾಸ್ತಿ ಕಂಗೆಟ್ಟಿರುತ್ತಾನೆ. ಅದನ್ನು ಕ್ಯಾಮೆರಾ ಮಾಡಿದ್ದಲ್ಲ.

ಈಗ ನ್ಯಾನ್ಸಿ ಆಲನ್ ವಿಷಯ. ಇವರ ಮೇಲೆ ಜಾಸ್ತಿ ಅನ್ಯಾಯ ಆಗಿದೆ ಅಂತ ನನ್ನ ಅನಿಸಿಕೆ. ಆಗ ಅವರು ನಿರ್ದೇಶಕ ಬ್ರಯಾನ್ ಡಿ ಪಾಲ್ಮಾ ಅವರ ಪತ್ನಿ. ಅದಕ್ಕೇ ಪಾತ್ರ ಸಿಕ್ಕಿತು ಅಂತ ಹಗುರವಾಗಿ ಮಾತಾಡುವವರಿದ್ದಾರೆ. ಸ್ಯಾಲಿಯ ಎಳೆ ದನಿ ಕಿರಿಕಿರಿ ಅನ್ನುವವರೂ ಇದ್ದಾರೆ. ನನಗೆ ಆ ದನಿಯೇ ಪಾತ್ರದ ಜೀವ. ಸ್ಯಾಲಿ ಸಂಭಾವಿತಳಲ್ಲ. ಗಂಡಸರನ್ನು ಬಲೆಗೆ ಬೀಳಿಸಿ, ಫೋಟೋ ತೆಗೆಸಿ, ಹಣ ಕೀಳುವ ದಂಧೆಯಲ್ಲಿದ್ದವಳು. ಅಂಥವಳು ಜ್ಯಾಕ್ ಎದುರು ಕೂತು ಮೇಕಪ್ ಬಗ್ಗೆ ಮಾತಾಡುವಾಗ ಕಣ್ಣು ಹೇಗೆ ಅರಳುತ್ತದೆ ನೋಡಿ. ಅವಳಿಗೂ ಒಂದು ಕೆಲಸ ಗೊತ್ತಿದೆ, ಅದರಲ್ಲಿ ಅವಳಿಗೂ ಹೆಮ್ಮೆ ಇದೆ. ಯಾರೂ ಈವರೆಗೆ ಕೇಳಿರಲಿಲ್ಲ, ಅಷ್ಟೇ. ಹಾಗಂತ ಪೆದ್ದಿಯಲ್ಲ. ಅಪಘಾತದ ಫಿಲ್ಮ್ ಬಚ್ಚಿಟ್ಟುಕೊಂಡ ಫೋಟೋಗ್ರಾಫರ್ ಮೈಮೇಲೆ ಬಂದಾಗ ಬಾಟಲಿಯಿಂದ ಬಾರಿಸಿ, ಆ ಫಿಲ್ಮ್ ಎತ್ತಿಕೊಂಡು ಹೊರಡುತ್ತಾಳೆ.

ಇದು 1966ರ 'ಬ್ಲೋ ಅಪ್' ಚಿತ್ರದ ನಕಲು ಅನ್ನೋ ಮಾತೂ ಲೇಖನದಲ್ಲಿತ್ತು. ಅಲ್ಲಿ ಕೊಲೆಯ ಸುಳಿವು ಸಿಗುವುದು ಫೋಟೋದಲ್ಲಿ, ಇಲ್ಲಿ ಶಬ್ದದಲ್ಲಿ. ಪ್ರೇರಣೆ ಇದೆ, ಹೆಸರಲ್ಲೇ ಕಾಣುತ್ತದೆ, ಯಾರೂ ಮುಚ್ಚಿಟ್ಟಿಲ್ಲ. ಆದರೆ ಇಲ್ಲಿನ ಜ್ಯಾಕ್‌ಗೆ ಒಂದು ಹಳೆಯ ಗಾಯ ಇದೆ. ಹಿಂದೆ ಪೊಲೀಸರ ಕೆಲಸಕ್ಕೆ ಇದ್ದಾಗ ಒಬ್ಬ ಅಧಿಕಾರಿಯ ಮೈಗೆ ಗುಟ್ಟಾಗಿ ಮೈಕ್ ಕಟ್ಟಿ ಕಳಿಸಿರುತ್ತಾನೆ. ಬೆವರಿಗೆ ಬ್ಯಾಟರಿ ಸುಟ್ಟು, ಗುಟ್ಟು ಬಯಲಾಗಿ, ಆ ಮನುಷ್ಯ ಕೊಲೆಯಾಗುತ್ತಾನೆ. ಅದು ತನ್ನ ತಪ್ಪು ಅಂತ ಜ್ಯಾಕ್ ನಂಬಿದ್ದಾನೆ. ಅದೇ ಜ್ಯಾಕ್ ಈಗ ಸತ್ಯ ಹೊರಗೆ ತರುವ ಹಟಕ್ಕೆ ಬಿದ್ದು ಸ್ಯಾಲಿಯ ಮೈಗೂ ಮೈಕ್ ಕಟ್ಟುತ್ತಾನೆ. ಅವಳು ನಂಬಿ ಹೋಗುತ್ತಾಳೆ. ಇಲ್ಲಿ ಆಲನ್ ಮುಖದಲ್ಲಿ ಸ್ವಲ್ಪ ಹೆದರಿಕೆ, ಸ್ವಲ್ಪ ಹುಮ್ಮಸ್ಸು. ಟ್ರವೋಲ್ಟಾ ಮುಖದಲ್ಲಿ ಬರೀ ಹಟ. ಈ ಇಬ್ಬರ ಮೇಲೆ ನಮಗೆ ಪ್ರೀತಿ ಬಾರದೆ ಹೋಗಿದ್ದರೆ ಮುಂದಿನ ಇಪ್ಪತ್ತು ನಿಮಿಷ ನೋಡುವಾಗ ಎದೆ ಹೀಗೆ ಹೊಡೆದುಕೊಳ್ಳುತ್ತಿರಲಿಲ್ಲ.

ಆ ಮುಂದಿನ ಭಾಗ ಒಂದು ದೊಡ್ಡ ಮೆರವಣಿಗೆಯ ನಡುವೆ ನಡೆಯುತ್ತದೆ. (ಅದರ ರೀಲುಗಳು ಕಳುವಾಗಿ ಮತ್ತೆ ಚಿತ್ರೀಕರಿಸಿದರಂತೆ. ಆ ಶ್ರಮ ತೆರೆ ಮೇಲೆ ಎಲ್ಲೂ ಗೊತ್ತಾಗುವುದಿಲ್ಲ.) ಅವಳ ದನಿ ಅವನ ಕಿವಿಯಲ್ಲೇ ಇದೆ, ಆದರೆ ಅವಳು ಎಲ್ಲಿದ್ದಾಳೆ ಅಂತ ಗೊತ್ತಿಲ್ಲ. ಅವಳು ಕರೆಯುತ್ತಿದ್ದಾಳೆ, ಇವನು ಓಡುತ್ತಿದ್ದಾನೆ. ಜಾನ್ ಲಿತ್‌ಗೋ ಅಭಿನಯಿಸಿದ ಕೊಲೆಗಾರ ತಣ್ಣಗೆ ತನ್ನ ಕೆಲಸದಲ್ಲಿದ್ದಾನೆ. ಇಲ್ಲಿಂದ ಮುಂದೆ ಹೇಳಬಾರದು.

ಚಿತ್ರಕ್ಕೆ ಸುಮಾರು 1.8 ಕೋಟಿ ಡಾಲರ್ ಖರ್ಚಾಗಿತ್ತು. ಅಮೆರಿಕದ ಥಿಯೇಟರ್‌ಗಳಿಂದ ಅಷ್ಟೂ ವಾಪಸ್ ಬರಲಿಲ್ಲ. ಕಹಿಯಾದ ಕೊನೆ ಜನರಿಗೆ ಹಿಡಿಸಲಿಲ್ಲ. ಆದರೂ ಈ ಚಿತ್ರ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊಗೆ ಅಚ್ಚುಮೆಚ್ಚು. 1994ರಲ್ಲಿ 'ಪಲ್ಪ್ ಫಿಕ್ಷನ್' ಮಾಡುವಾಗ ಅವರು ಟ್ರವೋಲ್ಟಾ ಅವರನ್ನೇ ಕರೆದರು, ಟ್ರವೋಲ್ಟಾ ಆಸ್ಕರ್ ನಾಮನಿರ್ದೇಶನದವರೆಗೂ ಹೋದರು. ಅಲ್ಲಿ ಎಲ್ಲರಿಗೂ ಕಂಡ ನಟ ಹದಿಮೂರು ವರ್ಷ ಮೊದಲೇ ಇಲ್ಲಿದ್ದ. ನ್ಯಾನ್ಸಿ ಆಲನ್ ಪಾಲಿಗೆ ಈ ಪಾತ್ರದ ಲೆಕ್ಕದಲ್ಲಿ ಅಂಥ ಮನ್ನಣೆ ಬರಲೇ ಇಲ್ಲ ಅನ್ನುವುದು ನನ್ನ ಕೊರಗು.

ಲೇಖಕರಿಗೆ ನನ್ನದೊಂದು ವಿನಂತಿ. ಇನ್ನೊಮ್ಮೆ ನೋಡಿ, ಈ ಸಲ ಹೆಡ್‌ಫೋನ್ ಹಾಕಿಕೊಂಡು. ಕೊನೆಯ ದೃಶ್ಯದಲ್ಲಿ ಜ್ಯಾಕ್ ಒಂದು ಚಿಕ್ಕ ಕೋಣೆಯಲ್ಲಿ ಕೂತಿದ್ದಾನೆ. ತೆರೆ ಮೇಲೆ ಅದೇ ಕಳಪೆ ಹಾರರ್ ಚಿತ್ರ ಓಡುತ್ತಿದೆ. ಸದ್ದು ಚೆನ್ನಾಗಿದೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆಮೇಲೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಾನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ